ದುಬೈ ಕ್ರೀಕಿನ ಎರಡು ದಡ: ಹಳೆಯ ಊರನ್ನು ಗೈಡ್ ಜೊತೆ ನಡೆದು ನೋಡುವುದು ಹೇಗೆ

ದುಬೈಯಲ್ಲಿ ಅರ್ಧ ದಿನ ಬಿಡುವು ಸಿಕ್ಕರೆ ಅದನ್ನು ಕ್ರೀಕ್ ದಡದ ಹಳೆಯ ಊರಿಗೆ ಕೊಡಿ. ಬುರ್ಜ್ ಖಲೀಫಾ ಕಾರಿನಲ್ಲಿ ಕೂತರೂ ಕಾಣುತ್ತದೆ. ಹಳೆಯ ಊರು ಕಾಣಬೇಕಾದರೆ ನಡೆಯಲೇಬೇಕು, ಅದೂ ತಿಳಿದವರೊಬ್ಬರ ಜೊತೆ.

ಮರುಭೂಮಿ ಸಮುದ್ರಕ್ಕೆ ಬಂದು ಮುಟ್ಟುವ ಜಾಗ ಇದು. ಹೊಳೆಯಿಲ್ಲ, ಗದ್ದೆಯಿಲ್ಲ, ಮನೆ ಕಟ್ಟಲು ಒಳ್ಳೆಯ ಮರವೂ ಇಲ್ಲ. ಇದ್ದದ್ದು ಸಮುದ್ರದಿಂದ ಒಳನಾಡಿನ ಕಡೆಗೆ ಚಾಚಿಕೊಂಡ ಉಪ್ಪುನೀರಿನ ಕ್ರೀಕ್ ಒಂದೇ. 1833ರಲ್ಲಿ ಮಕ್ತೂಮ್ ಮನೆತನದವರು ತಮ್ಮ ಬಳಗದೊಂದಿಗೆ ಅಬುಧಾಬಿಯಿಂದ ಬಂದು ಈ ಕ್ರೀಕಿನ ಬಾಯಲ್ಲಿ ನೆಲೆ ನಿಂತರು. ದುಬೈಗೆ ತೈಲ ಸಿಕ್ಕಿದ್ದು 1966ರಲ್ಲಿ. ಅಷ್ಟು ಹೊತ್ತಿಗಾಗಲೇ ಇರಾನಿನ ವ್ಯಾಪಾರಿಗಳು, ಸಿಂಧಿನ ಭಾಟಿಯಾಗಳು, ಬಲೂಚಿಗಳು, ಪೂರ್ವ ಆಫ್ರಿಕಾ ಮೂಲದವರು ಇಲ್ಲಿ ತಲೆಮಾರು ಕಳೆದಿದ್ದರು. ಸೂರಿಗೆ ಹಾಕಿದ ಮರದಿಂದ ಹಿಡಿದು ತಟ್ಟೆಗೆ ಬಿದ್ದ ಅನ್ನದವರೆಗೆ ಬಹುಪಾಲು ಹಡಗೇರಿ ಬಂದದ್ದು. ಆದ್ದರಿಂದ ಈ ನಡಿಗೆಗೆ ನಾನು ಹೇಳುವ ಉಪಾಯ ಒಂದೇ: ಕಣ್ಣಿಗೆ ಬಿದ್ದ ಪ್ರತಿ ವಸ್ತುವಿನ ಮುಂದೆ ನಿಂತು ಗೈಡನ್ನು ಕೇಳಿ, ಇದು ಎಲ್ಲಿಂದ ಬಂತು, ತಂದವರು ಯಾರು? ಒಳ್ಳೆಯ ಗೈಡಿಗೆ ಇಷ್ಟು ಸಾಕು, ಉಳಿದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಹೊತ್ತು ನೋಡಿಕೊಳ್ಳಿ

ನವೆಂಬರಿನಿಂದ ಮಾರ್ಚ್‌ವರೆಗೆ ನಡೆಯಲು ಹಿತವಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ, ಜೊತೆಗೆ ಕ್ರೀಕಿನ ತೇವ ಸೇರಿ ಅಂಗಿ ಮೈಗೆ ಅಂಟಿಕೊಳ್ಳುತ್ತದೆ. ಮಕ್ಕಳ ಬೇಸಿಗೆ ರಜೆಯಲ್ಲೇ ಹೋಗಬೇಕಾಗಿ ಬಂದರೆ ನಡಿಗೆಯನ್ನು ಎರಡು ತುಂಡು ಮಾಡಿ. ಒಂದು ದಡ ಬೆಳಗ್ಗೆ ಬೇಗ, ಇನ್ನೊಂದು ಸಂಜೆ ಸೂರ್ಯ ಇಳಿದ ಮೇಲೆ.

ದಿನದ ಆಯ್ಕೆಯೂ ಮುಖ್ಯ. 2022ರಿಂದ ಇಲ್ಲಿ ಶನಿವಾರ, ಭಾನುವಾರ ವಾರಾಂತ್ಯ. ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಆ ಹೊತ್ತು ಬೇಡ. ಬೇರೆ ದಿನಗಳಲ್ಲೂ ಹಳೆಯ ಮಾರುಕಟ್ಟೆಯ ಅನೇಕ ಅಂಗಡಿಯವರು ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಬಾಗಿಲು ಹಾಕಿ ಊಟಕ್ಕೆ, ನಿದ್ದೆಗೆ ಹೋಗುತ್ತಾರೆ. ಬೆಳಗ್ಗೆ ಎಂಟೂವರೆ, ಒಂಬತ್ತಕ್ಕೆ ಹೊರಟು ಒಂದರೊಳಗೆ ಮುಗಿಸುವುದು ಅನುಕೂಲ. ಭಾನುವಾರ ಸಂಜೆ ರಜೆಯ ಕಾರ್ಮಿಕರಿಂದ ಎರಡೂ ದಡ ತುಂಬಿ ತುಳುಕುತ್ತದೆ. ಫೋಟೊ ತೆಗೆಯಲು ಅದು ಒಳ್ಳೆಯ ಹೊತ್ತಲ್ಲ ಎಂದು ಕೆಲವರು ಹೇಳುತ್ತಾರೆ. ಈ ಊರಿನ ಇಂದಿನ ಮುಖ ನೋಡಬೇಕೆಂದರೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ರಂಜಾನ್ ತಿಂಗಳಲ್ಲಿ ಹೋದರೆ ಹಗಲು ಬೀದಿಯಲ್ಲಿ ತಿನ್ನುವುದು, ಕುಡಿಯುವುದು ಬೇಡ. ಮಕ್ಕಳಿಗೆ ನೀರು ಕೊಡಲೇಬೇಕಾದರೆ ಒಂದು ಮರೆ ನೋಡಿಕೊಳ್ಳಿ.

ಗೈಡ್ ಆರಿಸುವಾಗ

ನಡಿಗೆ ಶುರುವಾಗುವುದು ಬುರ್ ದುಬೈ ದಡದ ಫಹೀದಿ ಕೇರಿಯಲ್ಲಿ. ಅದರೊಳಗೇ ಇರುವ ಶೇಖ್ ಮೊಹಮ್ಮದ್ ಸೆಂಟರ್ ಫಾರ್ ಕಲ್ಚರಲ್ ಅಂಡರ್‌ಸ್ಟ್ಯಾಂಡಿಂಗ್ ಎಂಬ ಸಾಂಸ್ಕೃತಿಕ ಕೇಂದ್ರ 1998ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಎಮಿರಾತಿಗಳೇ, ಅಂದರೆ ಆ ನೆಲದ ಮನೆತನದವರೇ, ಅತಿಥಿಗಳನ್ನು ಕೇರಿಯೊಳಗೆ ನಡೆಸಿಕೊಂಡು ಹೋಗುತ್ತಾರೆ, ಕೂರಿಸಿ ಊಟ ಬಡಿಸುತ್ತಾರೆ. ಅವರ ಘೋಷವಾಕ್ಯದ ಅರ್ಥ, ಬಾಗಿಲೂ ತೆರೆದಿರಲಿ, ಮನಸ್ಸೂ ತೆರೆದಿರಲಿ ಎಂದು. ಪ್ರಶ್ನೆ ಕೇಳಲು ಸಂಕೋಚವೇ ಬೇಡ ಎಂದು ಅವರೇ ಮೊದಲು ಹೇಳಿಬಿಡುತ್ತಾರೆ. ಉಡುಪು, ಮದುವೆ, ಧರ್ಮ ಯಾವುದನ್ನಾದರೂ ಕೇಳಬಹುದು. ಮೊದಲೇ ಬುಕ್ ಮಾಡಿಕೊಳ್ಳಬೇಕು.

ಇನ್ನೊಂದು ಬಗೆ, ಖಾಸಗಿ ಕಂಪನಿಗಳು ನಡೆಸುವ ನಡಿಗೆ. ದುಬೈಯಲ್ಲಿ ಗೈಡ್ ಕೆಲಸ ಮಾಡಲು ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇರಬೇಕು. ಅದನ್ನು ಕೇಳಿ ನೋಡಿ. ಹಣ ಕಟ್ಟುವ ಮುಂಚೆ ಮೂರು ವಿಷಯ ವಿಚಾರಿಸಿಕೊಳ್ಳಿ: ಎರಡೂ ದಡ ಸೇರಿದೆಯೇ, ಗುಂಪಿನಲ್ಲಿ ಎಷ್ಟು ಜನ, ನಡಿಗೆ ಯಾವುದಾದರೂ ಅಂಗಡಿಯಲ್ಲಿ ಮುಗಿಯುತ್ತದೆಯೇ? ಹತ್ತು ಹನ್ನೆರಡು ಜನ ಮೀರಿದರೆ ಆ ಇಕ್ಕಟ್ಟು ಓಣಿಗಳಲ್ಲಿ ಹಿಂದೆ ಉಳಿದವರಿಗೆ ಏನೂ ಕೇಳಿಸುವುದಿಲ್ಲ. ಕಾರ್ಪೆಟ್ ಅಂಗಡಿಯಲ್ಲೋ ಚಿನ್ನದಂಗಡಿಯಲ್ಲೋ ಮುಗಿಯುವ ನಡಿಗೆಯಲ್ಲಿ ಕೊನೆಯ ಒಂದು ಗಂಟೆ ನಿಮ್ಮದಾಗಿರುವುದಿಲ್ಲ.

ಅನುಕೂಲವಿದ್ದರೆ ಎರಡನ್ನೂ ಸೇರಿಸಿ. ಫಹೀದಿಯನ್ನು ಎಮಿರಾತಿ ಗೈಡ್ ಜೊತೆ ನೋಡಿ. ಎದುರಿನ ಡೇರಾ ದಡವನ್ನು ಅಲ್ಲೇ ಹುಟ್ಟಿ ಬೆಳೆದ ವಲಸಿಗರ ಮಗನೋ ಮಗಳೋ ಗೈಡ್ ಆಗಿದ್ದರೆ ಅವರ ಜೊತೆ. ಒಬ್ಬರು ಮನೆಯೊಳಗಿನಿಂದ ಹೇಳುತ್ತಾರೆ, ಇನ್ನೊಬ್ಬರು ಅಂಗಡಿಯ ಗಲ್ಲೆಯ ಹಿಂದಿನಿಂದ. ಒಬ್ಬರ ಬಾಯಲ್ಲೇ ಇಡೀ ಊರಿನ ಕಥೆ ಸಿಗುವುದಿಲ್ಲ. ನಡಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಊರಿನಿಂದ ಬಂದ ಅಪ್ಪ, ಅಮ್ಮ ಜೊತೆಗಿದ್ದರೆ ಪ್ರತಿ ನಿಲುಗಡೆಯಲ್ಲೂ ಎರಡು ನಿಮಿಷ ಕನ್ನಡದಲ್ಲಿ ಹೇಳಲು ಬಿಡುವು ಬೇಕೆಂದು ಗೈಡಿಗೆ ಮೊದಲೇ ತಿಳಿಸಿಬಿಡಿ. ಅಂಗಡಿಯವರ ಜೊತೆ ಹಿಂದಿ ಸಾಕು, ಮಲಯಾಳಂ ಬಂದರೆ ಇನ್ನೂ ಒಳ್ಳೆಯದು.

ಕೈಲಿ ನೀರಿನ ಬಾಟಲಿ, ಒಂದು ದುಪಟ್ಟಾ, ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ, ಜೇಬಿನಲ್ಲಿ ಒಂದೊಂದು ದಿರ್ಹಮಿನ ನಾಣ್ಯಗಳು. ಭುಜ, ಮೊಣಕಾಲು ಮುಚ್ಚುವ ಬಟ್ಟೆ. ಒಟ್ಟು ದೂರ ಮೂರು ಕಿಲೋಮೀಟರಿನ ಆಸುಪಾಸು, ನಿಂತು ನಿಂತು ಸಾಗಿದರೆ ಮೂರೂವರೆ, ನಾಲ್ಕು ಗಂಟೆ. ಟ್ಯಾಕ್ಸಿ ಹತ್ತಿ ಬಸ್ತಕಿಯಾ ಎಂದರೆ ಸಾಕು, ಚಾಲಕರಿಗೆ ಗೊತ್ತಾಗುತ್ತದೆ.

ಫಹೀದಿ: ಗೋಡೆ ಓದುವುದರಿಂದ ಶುರು

ಈಗ ಅಲ್ ಫಹೀದಿ ಎಂದು ಫಲಕದಲ್ಲಿ ಬರೆದಿರುವ ಕೇರಿಯನ್ನು ಜನ ಬಸ್ತಕಿಯಾ ಎಂದೇ ಕರೆಯುತ್ತಾರೆ. ದಕ್ಷಿಣ ಇರಾನಿನ ಬಸ್ತಕ್ ಎಂಬ ಊರಿನಿಂದ ಬಂದ ವ್ಯಾಪಾರಿಗಳು ಕಟ್ಟಿದ ಕೇರಿ ಇದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇರಾನಿನ ಕರಾವಳಿಯ ಲಿಂಗೆ ಬಂದರಿನಲ್ಲಿ ಸುಂಕ ಏರಿತು. ಅದೇ ಹೊತ್ತಿಗೆ ದುಬೈಯ ಆಡಳಿತಗಾರರು ತಮ್ಮ ಬಂದರಿನಲ್ಲಿ ಸುಂಕ ತೆಗೆದುಹಾಕಿದರು, ಬಂದವರಿಗೆ ಕ್ರೀಕ್ ದಡದಲ್ಲಿ ಜಾಗ ಕೊಟ್ಟರು. ವ್ಯಾಪಾರಿಗಳು ಈಚೆ ದಡಕ್ಕೆ ಬಂದರು, ಕೊನೆಗೆ ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು.

ಕೇರಿಗೆ ಕಾಲಿಟ್ಟ ಕೂಡಲೇ ಎಲ್ಲರೂ ತಲೆಯೆತ್ತಿ ಗಾಳಿಗೋಪುರಗಳನ್ನು ನೋಡುತ್ತಾರೆ. ಅದಕ್ಕೆ ಮೊದಲು ಗೋಡೆಗೆ ಹತ್ತಿರ ಹೋಗಿ. ಗಾರೆ ಕಿತ್ತು ಬಂದ ಕಡೆ, ಅಥವಾ ನೋಡಲೆಂದೇ ಗಾರೆ ಬಿಡಿಸಿಟ್ಟ ಕಡೆ, ರಂಧ್ರ ರಂಧ್ರವಾದ ಕಲ್ಲು ಕಾಣುತ್ತದೆ. ಅದು ಹವಳದ ಕಲ್ಲು, ಇಲ್ಲಿಯದೇ ಸಮುದ್ರದಿಂದ ಎತ್ತಿದ್ದು. ಅದನ್ನು ಅಂಟಿಸಿದ್ದು ಜಿಪ್ಸಮ್ಮಿನ ಗಾರೆ. ಕಲ್ಲಿನೊಳಗೆ ಗಾಳಿ ತುಂಬಿದ ತೂತುಗಳಿರುವುದರಿಂದ ಬಿಸಿಲಿನ ಶಾಖ ಬೇಗ ಒಳಗೆ ಇಳಿಯುವುದಿಲ್ಲ.

ಈಗ ಒಂದು ಕೋಣೆಯೊಳಗೆ ಹೋಗಿ ತಲೆಯ ಮೇಲಿನ ಮಾಡು ನೋಡಿ. ಸಾಲಾಗಿ ಜೋಡಿಸಿದ ದುಂಡನೆಯ ಕಂಬಗಳು ಕಾಂಡ್ಲಾ ಗಿಡದ ಮರ. ಇಲ್ಲಿ ಅದಕ್ಕೆ ಚಂದಲ್ ಎನ್ನುತ್ತಾರೆ. ಪೂರ್ವ ಆಫ್ರಿಕಾದ ಕರಾವಳಿಯಿಂದ, ಲಾಮು ಮತ್ತು ಜಾಂಜಿಬಾರ್ ಕಡೆಯಿಂದ, ದೋ ಎಂಬ ಮರದ ಹಾಯಿ ಹಡಗುಗಳಲ್ಲಿ ತುಂಬಿಕೊಂಡು ತರುತ್ತಿದ್ದರು. ಆ ಮರ ಸಿಗುತ್ತಿದ್ದುದೇ ಸುಮಾರು ಮೂರೂವರೆ ಮೀಟರ್ ಉದ್ದಕ್ಕೆ. ಹಾಗಾಗಿ ಕೋಣೆಯ ಅಗಲವೂ ಅಷ್ಟಕ್ಕೇ ನಿಂತಿತು. ಆಫ್ರಿಕಾದ ಜೌಗು ನೆಲದ ಒಂದು ಗಿಡ ಕೊಲ್ಲಿಯ ಶ್ರೀಮಂತರ ಮನೆಯ ಅಳತೆಯನ್ನು ನಿರ್ಧರಿಸಿತ್ತು ಎಂಬುದು ನನಗೆ ಈ ಇಡೀ ನಡಿಗೆಯಲ್ಲಿ ಅತ್ಯಂತ ಹಿಡಿಸುವ ವಿಷಯ. ಉದ್ದನೆಯ, ಇಕ್ಕಟ್ಟಾದ ಆ ಕೋಣೆಯ ನಡುವೆ ನಿಂತು ಎರಡೂ ಕಡೆಗೆ ಕೈ ಚಾಚಿ ನೋಡಿ, ಅಂದಾಜು ಸಿಗುತ್ತದೆ.

ಬಾಗಿಲಿಗೆ ಬನ್ನಿ. ಕೆತ್ತನೆಯ ದಪ್ಪ ಬಾಗಿಲುಗಳ ಸಾಗುವಾನಿ ಭಾರತದ್ದು. ದೋ ಹಡಗು ಕಟ್ಟಲೂ ಮಲಬಾರ್ ಕಡೆಯ ಮರವೇ ಬೇಕಿತ್ತು. ಆಮೇಲೆ ತಲೆಯೆತ್ತಿ ಗಾಳಿಗೋಪುರ ನೋಡಿ. ಅದು ಇರಾನಿನಿಂದ ಬಂದ ವಿದ್ಯೆ, ಇಲ್ಲಿ ಬರ್ಜೀಲ್ ಎಂಬ ಹೆಸರು. ನಾಲ್ಕೂ ಕಡೆ ತೆರೆದ ಗೋಪುರದ ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಗೋಡೆ ಹಾಯಿಸಿರುತ್ತಾರೆ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಆ ಕಡೆಯ ಕೊಳವೆಯಲ್ಲಿ ಸಿಕ್ಕಿ ಕೆಳಗಿನ ಕೋಣೆಗೆ ಇಳಿಯುತ್ತದೆ, ಒಳಗಿನ ಬಿಸಿ ಗಾಳಿ ಎದುರು ಕಡೆಯ ಕೊಳವೆಯಿಂದ ಮೇಲೇರಿ ಹೊರಬೀಳುತ್ತದೆ. ಗೋಪುರದ ನೇರ ಕೆಳಗೆ ನಿಂತರೆ ಕತ್ತಿನ ಹಿಂಭಾಗಕ್ಕೆ ತಂಪು ತಾಗುತ್ತದೆ. ಮಕ್ಕಳಿಗೆ ಒಂದು ಕಾಗದದ ಚೂರು ಮೇಲಕ್ಕೆತ್ತಿ ಹಿಡಿಯಲು ಹೇಳಿ, ಗಾಳಿ ಯಾವ ಕಡೆಯಿಂದ ಇಳಿಯುತ್ತಿದೆ ಎಂದು ಅವರೇ ಕಂಡುಹಿಡಿಯುತ್ತಾರೆ.

ಒಂದೇ ಮನೆಯಲ್ಲಿ ಕೊಲ್ಲಿಯ ಹವಳ, ಆಫ್ರಿಕಾದ ಕಂಬ, ಭಾರತದ ಬಾಗಿಲು, ಇರಾನಿನ ಗೋಪುರ. ಇದನ್ನು ಇಲ್ಲೇ ಸಾವಧಾನವಾಗಿ ನೋಡಿಕೊಂಡರೆ ಮುಂದಿನ ಮಾರುಕಟ್ಟೆಗಳು ಬೇಗ ಅರ್ಥವಾಗುತ್ತವೆ. ಫಹೀದಿಗೆ ಒಂದೂವರೆ ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಓಣಿಗಳಿಗೆ ಇಲ್ಲಿ ಸಿಕ್ಕಾ ಎನ್ನುತ್ತಾರೆ. ಇಬ್ಬರು ಎದುರುಬದುರಾದರೆ ಒಬ್ಬರು ಭುಜ ಓರೆ ಮಾಡಬೇಕಾದಷ್ಟು ಕಿರಿದಾದವೂ ಇವೆ. ನೆರಳು ಉಳಿಯಲಿ, ಕ್ರೀಕಿನ ಗಾಳಿ ಒಳಗೆ ನುಗ್ಗಲಿ ಎಂದೇ ಹಾಗೆ ಕಟ್ಟಿದ್ದು. ನಡೆಯುವಾಗ ಹಳೆಯ ಊರಿನ ಕೋಟೆಗೋಡೆಯ ಉಳಿದ ತುಂಡನ್ನು ತೋರಿಸಲು ಹೇಳಿ, ಅದು ಸುಮಾರು 1800ರದು. ಹಾಗೆಯೇ ಈ ಕೇರಿ ಉಳಿದ ಬಗೆಯನ್ನೂ ಕೇಳಿ. 1980ರ ದಶಕದಲ್ಲಿ ಕೇರಿಯ ಒಂದು ಭಾಗವನ್ನು ಕೆಡವಿ ಆಡಳಿತ ಕಚೇರಿ ಕಟ್ಟಿದರು, ಉಳಿದದ್ದನ್ನೂ ಕೆಡವುವ ಯೋಜನೆ ಇತ್ತು. ಇಲ್ಲಿಯೇ ಒಂದು ಮನೆ ದುರಸ್ತಿ ಮಾಡಿಕೊಂಡು ವಾಸವಿದ್ದ ರೇನರ್ ಆಟರ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಅದರ ವಿರುದ್ಧ ದನಿ ಎತ್ತಿದರು. 1989ರಲ್ಲಿ ಬ್ರಿಟನ್ನಿನ ಅಂದಿನ ಯುವರಾಜ ಚಾರ್ಲ್ಸ್ ಬಂದು ನೋಡಿ, ಇದನ್ನು ಉಳಿಸಿಕೊಳ್ಳಿ ಎಂದರು. ಕೆಡವುವ ಕೆಲಸ ನಿಂತಿತು. ಇಂದು ಹಳೆಯದರಂತೆ ಕಾಣುವ ಗೋಡೆಗಳಲ್ಲಿ ಎಷ್ಟೋ ಭಾಗ ಆಮೇಲೆ ಹೊಸದಾಗಿ ಎತ್ತಿದ್ದು. ಯಾವುದು ಮೂಲ, ಯಾವುದು ಪುನರ್ನಿರ್ಮಾಣ ಎಂದು ಬೆರಳು ತೋರಿಸಿ ಹೇಳುವ ಗೈಡ್ ಸಿಕ್ಕರೆ ನಿಮ್ಮ ಹಣ ಸಾರ್ಥಕ.

ನೆಲದ ಮೇಲೆ ಕೂತು ಉಣ್ಣುವಾಗ

ಸಾಂಸ್ಕೃತಿಕ ಕೇಂದ್ರದ ತಿಂಡಿ ಅಥವಾ ಊಟ ಬುಕ್ ಮಾಡಿದ್ದರೆ ಅಂಗಳದಲ್ಲಿ ಜಮಖಾನೆಯ ಮೇಲೆ ದುಂಡಗೆ ಕೂರಿಸುತ್ತಾರೆ. ಮೊದಲು ಬರುವುದು ಗಹ್ವಾ: ಏಲಕ್ಕಿ, ಕೇಸರಿ ಹಾಕಿದ, ಹಾಲಿಲ್ಲದ ತೆಳು ಕಾಫಿ. ಬಲಗೈಯಲ್ಲೇ ತೆಗೆದುಕೊಳ್ಳಿ. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಗುಟುಕಿನಷ್ಟೇ ಹುಯ್ಯುತ್ತಾರೆ, ಖಾಲಿಯಾದರೆ ಮತ್ತೆ ಹುಯ್ಯುತ್ತಾರೆ. ಸಾಕಾದರೆ ಬಟ್ಟಲನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ ಕೊಡಬೇಕು. ಸಕ್ಕರೆ ಕೇಳಬೇಡಿ, ಜೊತೆಗಿಟ್ಟ ಖರ್ಜೂರವೇ ಸಿಹಿ.

ಸಸ್ಯಾಹಾರಿಗಳು ಬರುವ ಮುಂಚೆಯೇ ತಿಳಿಸಿರಬೇಕು. ದಂಗೊ ಎಂಬ ಮಸಾಲೆ ಕಡಲೆಕಾಳು, ಖಮೀರ್ ರೊಟ್ಟಿ, ಖರ್ಜೂರದ ಪಾಕ ಸುರಿದ ಲುಕೈಮಾತ್ ತಿನ್ನಬಹುದು. ಬಲಾಲೀತ್ ಎಂಬುದು ಏಲಕ್ಕಿ, ಸಕ್ಕರೆ ಹಾಕಿದ ಶ್ಯಾವಿಗೆ. ನಮಗೆ ಗುರುತಿನದೇ, ಆದರೆ ಮೇಲೆ ಮೊಟ್ಟೆಯ ಆಮ್ಲೆಟ್ ಹೊದಿಸಿರುತ್ತಾರೆ. ರಗಾಗ್ ಎಂಬ ಕಾಗದದಷ್ಟು ತೆಳ್ಳಗಿನ ರೊಟ್ಟಿಗೆ ಕೆಲವು ಕಡೆ ಮಹ್ಯಾವಾ ಸವರುತ್ತಾರೆ. ಅದು ಹುದುಗು ಬರಿಸಿದ ಮೀನಿನ ಸಾರ, ದಕ್ಷಿಣ ಇರಾನಿನಿಂದ ಬಂದದ್ದು. ಮೀನು ತಿನ್ನುವವರು ತಪ್ಪದೆ ರುಚಿ ನೋಡಿ, ತಿನ್ನದವರು ಮರೆಯದೆ ಕೇಳಿ.

ಪ್ರಶ್ನೆಗಳಿಗೆ ಇದೇ ಜಾಗ. ಮುತ್ತಿನ ಬಗ್ಗೆ ಕೇಳಿ. ತೈಲಕ್ಕೆ ಮೊದಲು ಈ ಊರನ್ನು ಸಾಕಿದ್ದು ಮುತ್ತು. ಬೇಸಿಗೆಯ ನಾಲ್ಕು ತಿಂಗಳು ಗಂಡಸರು ಹಡಗಿನಲ್ಲೇ ಇರುತ್ತಿದ್ದರು. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲಿನ ಭಾರ, ಸೊಂಟಕ್ಕೆ ಹಗ್ಗ, ಅಷ್ಟರಲ್ಲೇ ಆಳಕ್ಕೆ ಇಳಿಯುತ್ತಿದ್ದರು. ಮುಳುಗುಗಾರರು ಹಡಗಿನ ನಾಯಕನಾದ ನಾಖುದಾನ ಬಳಿ ಮುಂಗಡ ಪಡೆದು ಸಾಲದಲ್ಲಿ ಸಿಕ್ಕಿಕೊಂಡು, ಎಷ್ಟೋ ಸಲ ತೀರಿಸಲಾಗದೆ ಹೋಗುತ್ತಿದ್ದರು. ಅವರಲ್ಲಿ ಬಲೂಚಿಗಳಿದ್ದರು, ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ತಂದವರೂ ಇದ್ದರು. ಕೊಲ್ಲಿಯ ಮದುವೆ ಹಬ್ಬಗಳಲ್ಲಿ ಡೋಲು ಬಡಿದು ಕುಣಿಯುವ ಲಿವಾ ಆ ಆಫ್ರಿಕಾ ಮೂಲದವರ ಕೊಡುಗೆ. ಈ ಕಥೆಯನ್ನು ಗೈಡುಗಳು ತಾವಾಗಿ ಹೇಳುವುದು ಕಡಿಮೆ. ಗೌರವದಿಂದ ಕೇಳಿದರೆ ಹೇಳುತ್ತಾರೆ, ಕೇಳಲೇಬೇಕು ಎಂದು ನನಗನಿಸುತ್ತದೆ. ಗೋಪುರ ಕಟ್ಟಿಸಿದವರ ಹೆಸರು ಫಲಕದಲ್ಲಿದೆ. ಆ ಗೋಪುರಕ್ಕೆ ಬೇಕಾದ ಹಣ ಸಮುದ್ರದ ತಳದಿಂದ ತಂದವರ ಹೆಸರು ಎಲ್ಲೂ ಇಲ್ಲ.

ಕೋಟೆ, ಮಸೀದಿ, ಹಿಂದಿ ಗಲ್ಲಿ

ಕೇರಿಯಿಂದ ಐದು ನಿಮಿಷ ನಡೆದರೆ ಫಹೀದಿ ಕೋಟೆ. 1787ರದು, ದುಬೈಯಲ್ಲಿ ನಿಂತಿರುವ ಅತ್ಯಂತ ಹಳೆಯ ಕಟ್ಟಡ ಇದೇ. 1971ರಲ್ಲಿ ಇದರೊಳಗೆ ದುಬೈ ಮ್ಯೂಸಿಯಂ ಶುರುವಾಯಿತು, ಆದರೆ ದುರಸ್ತಿಗೆಂದು ವರ್ಷಗಳಿಂದ ಮುಚ್ಚಿದ್ದಾರೆ. ಹೊರಗಿನಿಂದ ನೋಡಿ ಮುಂದೆ ಹೋಗಿ. ಪಕ್ಕದಲ್ಲೇ ಎತ್ತರದ ಮಿನಾರಿನ ಗ್ರ್ಯಾಂಡ್ ಮಸೀದಿ; ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಹತ್ತಿರದಲ್ಲೇ ನೀಲಿ ಹೆಂಚಿನ ಕುಸುರಿಯಿರುವ ಇರಾನಿ ಮಸೀದಿಯನ್ನೂ ಬೀದಿಯಿಂದ ನೋಡಬಹುದು. ಎರಡನ್ನೂ ಹೋಲಿಸಿ ನೋಡಿ, ಕೊಲ್ಲಿಯ ಯಾವ ದಡದ ವಿನ್ಯಾಸ ಯಾವುದು ಎಂದು ತಿಳಿಯುತ್ತದೆ.

ಗ್ರ್ಯಾಂಡ್ ಮಸೀದಿಯ ಬೆನ್ನಿಗೇ ಹಿಂದಿ ಗಲ್ಲಿ. ಎರಡು ಮಾರು ಅಗಲದ ಓಣಿಯಲ್ಲಿ ಮಲ್ಲಿಗೆ, ಚೆಂಡುಹೂವಿನ ಮಾಲೆ, ತೆಂಗಿನಕಾಯಿ, ಕುಂಕುಮ, ದೇವರ ಪಟ, ಊದುಬತ್ತಿ. ಬಾಂಗಿನ ಕರೆ ಕೇಳುವಷ್ಟು ಹತ್ತಿರದಲ್ಲಿ 1958ರಿಂದ ದೇವಸ್ಥಾನ ನಡೆದುಕೊಂಡು ಬಂದ ಜಾಗ ಇದು. ಸಿಂಧಿನ ಠಟ್ಟಾ ಊರಿನ ಭಾಟಿಯಾ ವ್ಯಾಪಾರಿಗಳು ಅದಕ್ಕೂ ಎಷ್ಟೋ ಮೊದಲೇ ಮುತ್ತಿನ ವ್ಯಾಪಾರಕ್ಕೆ, ಲೇವಾದೇವಿಗೆ ಇಲ್ಲಿ ಬಂದು ನೆಲೆಸಿದ್ದರು. ಅವರು ಶ್ರೀನಾಥಜಿಯ ಭಕ್ತರು. ಇಲ್ಲಿದ್ದ ಶಿವ ಮಂದಿರ 2024ರ ಆರಂಭದಲ್ಲಿ ಜೆಬೆಲ್ ಅಲಿಯ ಹೊಸ ಮಂದಿರಕ್ಕೆ ಹೋಯಿತು. ಹಳೆಯ ಯಾತ್ರಾ ಪುಟಗಳನ್ನು ಓದಿಕೊಂಡು ಬಂದವರು ಇದನ್ನು ಗಮನದಲ್ಲಿಡಿ. ದೇವರು ಮನೆ ಬದಲಿಸಿದರೂ ಹೂವಿನವರು, ಪಟದವರು ಗಲ್ಲಿ ಬಿಟ್ಟಿಲ್ಲ. ಇಲ್ಲಿ ಫೋಟೊ ತೆಗೆಯುವ ಮುಂಚೆ ಅಂಗಡಿಯವರನ್ನು ಕೇಳಿ, ಹೆಂಗಸರ ಫೋಟೊ ಬೇಡವೇ ಬೇಡ.

ಜವಳಿ ಬೀದಿ ಮತ್ತು ಮುಂಬಯಿಯ ಹಡಗು

ಗಲ್ಲಿ ದಾಟಿದರೆ ಮರದ ಚಪ್ಪರದಡಿ ಜವಳಿ ಸೂಕ್, ಅಂದರೆ ಬಟ್ಟೆ ಮಾರುಕಟ್ಟೆ. ಪಶ್ಮೀನಾ ಎಂದು ಕೂಗುವವರನ್ನು ನಗುತ್ತ ದಾಟಿ ಹೋಗಿ. ಇಲ್ಲಿ ನೋಡಬೇಕಾದದ್ದು ಕ್ರೀಕಿಗೆ ಮುಖ ಮಾಡಿ ನಿಂತ ಬೈತ್ ಅಲ್ ವಕೀಲ್. 1930ರ ದಶಕದ ಮಧ್ಯದಲ್ಲಿ ಕಟ್ಟಿದ್ದು, ದುಬೈಯ ಮೊದಲ ಕಚೇರಿ ಕಟ್ಟಡ. ಬ್ರಿಟಿಷ್ ಹಡಗು ಕಂಪನಿಯ ಏಜೆಂಟರು ಇಲ್ಲಿ ಕೂರುತ್ತಿದ್ದರು.

ಈ ಮೆಟ್ಟಿಲ ಬಳಿ ಕನ್ನಡಿಗರು ಸ್ವಲ್ಪ ಹೊತ್ತು ನಿಲ್ಲಬೇಕು. ಮಂಗಳೂರಿನಿಂದ ನೇರ ವಿಮಾನ ಬರುವ ಮೊದಲು ನಮ್ಮ ಕರಾವಳಿಯವರು ಮುಂಬಯಿಗೆ ಹೋಗಿ, ಅಲ್ಲಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು ಹತ್ತಿ ಕರಾಚಿ ಮಾರ್ಗವಾಗಿ ಕೊಲ್ಲಿಗೆ ಬರುತ್ತಿದ್ದರು. ದೊಡ್ಡ ಹಡಗು ಹೊರಗೆ ಸಮುದ್ರದಲ್ಲೇ ನಿಲ್ಲುತ್ತಿತ್ತು, ದೋಣಿಗಿಳಿದು ಕ್ರೀಕಿಗೆ ಬರಬೇಕು. ಆ ಸಾಲಿನ ದಾರಾ ಎಂಬ ಹಡಗು 1961ರ ಏಪ್ರಿಲ್ 8ರಂದು ದುಬೈ ಎದುರಿಗೇ ಸ್ಫೋಟಗೊಂಡು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಭಟ್ಕಳದ ನವಾಯತರು, ಮಂಗಳೂರು ಉಡುಪಿಯ ಬ್ಯಾರಿಗಳು, ಕೊಂಕಣಿ ಕ್ರಿಶ್ಚಿಯನ್ನರು, ಬಂಟರು, ಬಿಲ್ಲವರು ಹೀಗೆ ಎಲ್ಲರ ಮನೆಯಲ್ಲೂ ದುಬೈಗೆ ಹೋದವರ ಒಂದು ಕಥೆ ಇದೆ. ನಿಮ್ಮ ಮನೆಯಲ್ಲಿ ಹಡಗಿನಲ್ಲಿ ಬಂದ ಹಿರಿಯರಿದ್ದರೆ ಹೊರಡುವ ಮುಂಚೆಯೇ ಅವರನ್ನು ವಿಚಾರಿಸಿಕೊಂಡು ಬನ್ನಿ: ಯಾವ ವರ್ಷ, ಯಾವ ಹಡಗು, ಇಳಿದದ್ದು ಎಲ್ಲಿ, ಮೊದಲ ರಾತ್ರಿ ಮಲಗಿದ್ದು ಯಾರ ಕೋಣೆಯಲ್ಲಿ. ಅದನ್ನು ಗೈಡಿಗೆ ಹೇಳಿ. ಹಾಗೆ ಹೇಳಿದಾಗ ಗೈಡ್ ಕೂಡ ತಮ್ಮ ಅಜ್ಜನ ಮಾತು ತೆಗೆಯುತ್ತಾರೆ, ನಡಿಗೆಯ ಬಣ್ಣವೇ ಬದಲಾಗುತ್ತದೆ.

ಇನ್ನೂ ಎರಡು ಸಂಗತಿ ಇಲ್ಲೇ ಹೇಳಿಬಿಡಬೇಕು. ದುಬೈಯ ಮೊದಲ ಅಂಚೆ ಕಚೇರಿ 1909ರಲ್ಲಿ ತೆರೆದದ್ದು ಭಾರತೀಯ ಅಂಚೆಯ ಶಾಖೆಯಾಗಿ. ಅಲ್ಲಿ ಭಾರತದ ಸ್ಟಾಂಪೇ ನಡೆಯುತ್ತಿತ್ತು. 1947ರ ಕೊನೆಗೆ ಕೆಲವು ತಿಂಗಳು ಪಾಕಿಸ್ತಾನದ ಅಂಚೆ ಅದನ್ನು ನೋಡಿಕೊಂಡಿತು, 1948ರ ಏಪ್ರಿಲ್‌ನಿಂದ ಬ್ರಿಟಿಷರು. ಹಣವೂ ರೂಪಾಯಿಯೇ. ರೂಪಾಯಿ ಕೊಟ್ಟು ಇಲ್ಲಿ ಕೊಂಡ ಚಿನ್ನ ಕಳ್ಳದಾರಿಯಲ್ಲಿ ಭಾರತಕ್ಕೆ ಹೋಗುತ್ತಿದ್ದುದರಿಂದ ವಿದೇಶಿ ವಿನಿಮಯಕ್ಕೆ ಪೆಟ್ಟು ಬಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರ ಜೂನಿನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ದುಬೈಯವರು ಅದನ್ನು ಕೈಬಿಟ್ಟರು; ದಿರ್ಹಮ್ ಬಂದದ್ದು 1973ರಲ್ಲಿ. ಹಳೆಯ ನಾಣ್ಯಗಳಲ್ಲಿ ಆಸಕ್ತಿಯಿದ್ದರೆ ಫಹೀದಿ ಕೇರಿಯಲ್ಲೇ ಪುಟ್ಟ ನಾಣ್ಯ ಸಂಗ್ರಹಾಲಯವಿದೆ.

ಅಬ್ರಾದಲ್ಲಿ ಕ್ರೀಕ್ ದಾಟುವುದು

ಜವಳಿ ಬೀದಿಯ ಕೊನೆಗೆ ಅಬ್ರಾ, ಅಂದರೆ ಕ್ರೀಕ್ ದಾಟಿಸುವ ದೋಣಿಯ ನಿಲ್ದಾಣ. ಮರದ ಸಾದಾ ಅಬ್ರಾಕ್ಕೆ ಒಬ್ಬರಿಗೆ ಒಂದು ದಿರ್ಹಮ್, ದೋಣಿಯಲ್ಲೇ ಕೈಗೆ ಕೊಡಬೇಕು. ಇಡೀ ದೋಣಿ ನಿಮಗೇ ಎಂದು ಕರೆಯುವವರ ಹಿಂದೆ ಹೋಗಬೇಡಿ, ಕೆಲಸಕ್ಕೆ ಹೋಗುವವರ ಜೊತೆಗೇ ಕೂರಿ. ಡೇರಾ ಓಲ್ಡ್ ಸೂಕ್ ಕಡೆಗೆ ಹೋಗುವುದೇ ಎಂದು ಕೇಳಿ ಹತ್ತಿ. ಸಬ್ಖಾ ಕಡೆಗೆ ಹೋಗುವ ದೋಣಿಯೂ ಇದೆ, ಅದು ಬೇರೆ ಜಾಗದಲ್ಲಿ ಇಳಿಸುತ್ತದೆ. ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು, ಹಿಡಿದುಕೊಳ್ಳಲು ಅಂಚಿನಲ್ಲಿ ಕಂಬಿಯಿಲ್ಲ, ಹಾಗಾಗಿ ಮಕ್ಕಳ ಕೈ ಬಿಡಬೇಡಿ. ಮೊಣಕಾಲು ನೋವಿನವರಿಗೆ ಹತ್ತಿಳಿಯುವುದು ಕಷ್ಟವೆನಿಸಿದರೆ ಗುಬೈಬಾ ನಿಲ್ದಾಣದಿಂದ ರಾಸ್ ನಿಲ್ದಾಣಕ್ಕೆ ಮೆಟ್ರೋ ಇದೆ, ಹಸಿರು ಮಾರ್ಗ, ಕ್ರೀಕಿನ ಅಡಿಯಿಂದಲೇ ಹೋಗುತ್ತದೆ.

1950ರ ದಶಕದಲ್ಲಿ ಈ ಕ್ರೀಕ್ ಹೂಳು ತುಂಬಿ ದೊಡ್ಡ ದೋ ಹಡಗು ಒಳಗೆ ಬರಲಾಗದಂತಾಗಿತ್ತು. ದುಬೈಯ ಆಡಳಿತ ನಡೆಸುತ್ತಿದ್ದ ಶೇಖ್ ರಶೀದ್ ಸಾಲ ಎತ್ತಿ ಹೂಳು ತೆಗೆಸಿದರು, ತೈಲ ಸಿಗುವ ಮೊದಲೇ. ನೀರಿನ ನಡುವೆ ಇರುವಾಗ ಗೈಡ್ ಬಾಯಲ್ಲಿ ಇದನ್ನು ಹೇಳಿಸಿ.

ಡೇರಾ: ಮಸಾಲೆ, ಒಂದು ಶಾಲೆ, ಆಮೇಲೆ ಚಿನ್ನ

ಇಳಿದ ಕೂಡಲೇ ಮಸಾಲೆ ಸೂಕ್. ಒಣಗಿಸಿದ ಕಪ್ಪು ನಿಂಬೆಕಾಯಿ ಕೈಗೆತ್ತಿಕೊಂಡು ಮೂಸಿ ನೋಡಿ. ಲೂಮಿ ಎನ್ನುವ ಅದು ಇಲ್ಲದೆ ಕೊಲ್ಲಿಯ ಮಚ್ಬೂಸ್ ಅನ್ನವಿಲ್ಲ. ಕೇಸರಿ, ಹುಳಿಹುಳಿ ಜೆರೆಷ್ಕ್ ಹಣ್ಣು, ಒಣಗುಲಾಬಿ ಮೊಗ್ಗು ಇರಾನಿನವು, ಅವನ್ನು ಮಾರುವವರಲ್ಲಿ ಇರಾನಿಗಳೂ ಬಹಳ. ಹಾಲುಬಣ್ಣದ ಧೂಪದ ಹರಳು ಒಮಾನಿನ ಧೋಫಾರ್ ಕಡೆಯದು, ಸೊಮಾಲಿಯಾದ್ದೂ ಇರುತ್ತದೆ. ಎರಡನ್ನೂ ಕೆಂಡಕ್ಕೆ ಹಾಕಿ ತೋರಿಸು ಎಂದರೆ ಹೆಚ್ಚಿನವರು ತೋರಿಸುತ್ತಾರೆ. ಕೇಸರಿ ಕೊಳ್ಳುವುದಾದರೆ ಪುಡಿ ಬೇಡ, ಎಳೆಯೇ ಇರಲಿ. ನೀರಿಗೆ ಹಾಕಿದಾಗ ನೀರು ನಿಧಾನವಾಗಿ ಹಳದಿಯಾಗಿ ಎಳೆ ಕೆಂಪಾಗಿಯೇ ಉಳಿಯಬೇಕು. ತಕ್ಷಣ ಕೆಂಪು ಬಿಟ್ಟು ಎಳೆ ಬಿಳಚಿದರೆ ಬಣ್ಣ ಹಾಕಿದ್ದು. ಚೌಕಾಶಿ ಇಲ್ಲಿ ಮಾತುಕತೆಯ ಭಾಗ, ಮೊದಲ ಬೆಲೆಗೆ ಕೊಳ್ಳಬೇಡಿ. ಕೊಳ್ಳುವ ಮನಸ್ಸಿಲ್ಲದಿದ್ದರೆ ತೂಕ ಹಾಕಿಸಬೇಡಿ.

ಮಸಾಲೆಯಿಂದ ಚಿನ್ನಕ್ಕೆ ನೇರ ಓಡುವವರು ತಪ್ಪಿಸಿಕೊಳ್ಳುವುದು ರಾಸ್ ಕೇರಿಯ ಅಹ್ಮದಿಯಾ ಶಾಲೆಯನ್ನು. 1912ರಲ್ಲಿ ಅಹ್ಮದ್ ಬಿನ್ ದಲ್ಮೂಕ್ ಎಂಬ ಮುತ್ತಿನ ವ್ಯಾಪಾರಿ ಶುರು ಮಾಡಿದ್ದು, ದುಬೈಯ ಮೊದಲ ಶಾಲೆ. ಊರ ದೊರೆಯಾಗಲಿದ್ದ ಶೇಖ್ ರಶೀದ್ ಓದಿದ್ದೂ ಇಲ್ಲೇ. ಪಕ್ಕದಲ್ಲೇ 1890ರ ಹೆರಿಟೇಜ್ ಹೌಸ್. ಫಹೀದಿಯಲ್ಲಿ ಗೋಡೆ, ಮಾಡು ನೋಡಿ ಬಂದವರಿಗೆ ಇಲ್ಲಿ ಯಾರೂ ಏನೂ ವಿವರಿಸಬೇಕಾಗಿಲ್ಲ.

ಚಿನ್ನದ ಸೂಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಅಂದಿನ ದರ ಎಲ್ಲ ಅಂಗಡಿಯಲ್ಲೂ ಒಂದೇ, ಚೌಕಾಶಿ ಮಜೂರಿಯ ಮೇಲೆ ಮಾತ್ರ. ಊರಿಗೆ ಎಷ್ಟು ತರಬಹುದು ಎಂಬ ಭಾರತದ ಕಸ್ಟಮ್ಸ್ ನಿಯಮವನ್ನು ಕೊಳ್ಳುವ ಮುಂಚೆ ನೋಡಿಕೊಳ್ಳಿ. ಸೂಕಿನ ಹಿಂದಿನ ಓಣಿಗಳಲ್ಲಿ ಕೇರಳದ, ಭಟ್ಕಳದ, ಅಫ್ಘಾನಿಸ್ತಾನದ, ಇಥಿಯೋಪಿಯಾದ ಜನ ಒಂದೇ ಚಹಾ ಅಂಗಡಿಯ ಮುಂದೆ ನಿಂತಿರುತ್ತಾರೆ. ಗೈಡಿಗೆ ವಿದಾಯ ಹೇಳಿ ಒಂದು ಕರಕ್ ಚಹಾ ಹಿಡಿದು ಅಲ್ಲೇ ನಿಂತುಕೊಳ್ಳಿ. ಆ ಗಟ್ಟಿ ಹಾಲು, ಏಲಕ್ಕಿಯ ಚಹಾ ಭಾರತ, ಪಾಕಿಸ್ತಾನದ ಕಡೆಯಿಂದ ಬಂದು ಈಗ ಎಮಿರಾತಿಗಳ ದಿನನಿತ್ಯದ ಪಾನೀಯ.

ಮರುದಿನಕ್ಕೆ ಸಮಯವಿದ್ದರೆ

ಬುರ್ ದುಬೈ ಕಡೆಯ ಶಿಂದಗಾದಲ್ಲಿ 1896ರ ಶೇಖ್ ಸಯೀದ್ ಮನೆಯೂ ಶಿಂದಗಾ ಮ್ಯೂಸಿಯಮ್ಮೂ ಇವೆ. ಸುಗಂಧದ್ರವ್ಯಗಳಿಗೆಂದೇ ಒಂದು ಮನೆ ಮೀಸಲಿಟ್ಟಿದ್ದಾರೆ. ಇದನ್ನು ನಡಿಗೆಯ ದಿನಕ್ಕೇ ತುರುಕಬೇಡಿ, ಕಾಲೂ ಸೋಲುತ್ತದೆ, ತಲೆಯೂ ತುಂಬಿರುತ್ತದೆ. ಮಸೀದಿಯ ಒಳಗನ್ನು ನೋಡುವ ಆಸೆಯಿದ್ದರೆ ಜುಮೇರಾ ಮಸೀದಿಗೆ ಹೋಗಿ. ಶುಕ್ರವಾರ ಬಿಟ್ಟು ಉಳಿದ ದಿನ ಅದೇ ಸಾಂಸ್ಕೃತಿಕ ಕೇಂದ್ರದವರು ಎಲ್ಲ ಧರ್ಮದವರನ್ನೂ ಒಳಗೆ ಕರೆದೊಯ್ದು ವಿವರಿಸುತ್ತಾರೆ. ಔದ್ ಮೇಥಾದ ಸೇಂಟ್ ಮೇರೀಸ್ ಚರ್ಚ್ 1960ರ ದಶಕದಲ್ಲಿ ಶೇಖ್ ರಶೀದ್ ಕೊಟ್ಟ ಜಾಗದಲ್ಲಿ ಎದ್ದದ್ದು, ನಮ್ಮ ಮಂಗಳೂರಿನ ಕ್ರಿಶ್ಚಿಯನ್ನರಿಗೆ ಚೆನ್ನಾಗಿ ಪರಿಚಯದ ಜಾಗ. ಜೆಬೆಲ್ ಅಲಿಯಲ್ಲಿ 2012ರ ಗುರುದ್ವಾರ, 2022ರ ಹಿಂದೂ ಮಂದಿರ ಅಕ್ಕಪಕ್ಕದಲ್ಲಿವೆ. ಮಂದಿರಕ್ಕೆ ವಾರಾಂತ್ಯದಲ್ಲಿ ವಿಪರೀತ ಜನ, ವಾರದ ನಡುವೆ ಬೆಳಗ್ಗೆ ಹೋಗಿ. ಅಲ್ಲಿ ದರ್ಶನ ಮುಗಿಸಿ ಪಕ್ಕದ ಗುರುದ್ವಾರಕ್ಕೆ ಬಂದರೆ ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರ್ ಎಂಬ ಊಟದ ಪಂಕ್ತಿಯಲ್ಲಿ ಕೂರಬಹುದು, ಯಾರು ಎಲ್ಲಿಯವರು ಎಂದು ಕೇಳದೆ ಬಡಿಸುತ್ತಾರೆ.